ಅಜ್ಜಿ ಎಸೆತ

ಪಂದ್ಯಾವಳಿ ಗೆಲ್ಲಬೇಕಾದರೆ ತಂಡಕ್ಕೆ ಬೇಕಾದದ್ದು ‘ಒಂದೇ ಉಸಿರು’ ಎಂದು ನಮ್ಮ ಕೋಚ್ ಬ್ರೆಂಟ್ ಹ್ಯಾವರ್‌ಕ್ಯಾಂಪ್ ಕಂಡುಹಿಡಿದ. ಹದಿನೈದು ಜನ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುವುದಂತೆ. ಆ ಎರಡು ಶಬ್ದಗಳನ್ನು ಕೆಂಪು ಟೀ ಶರ್ಟುಗಳ ಮೇಲೆ ಅಚ್ಚು ಹಾಕಿಸಿ ಹುಡುಗರಿಗೆ ಹಂಚಿದ. ಮೊದಲ ಒಗೆತಕ್ಕೇ ಅವು ಬಣ್ಣ ಬಿಟ್ಟು ಹನ್ನೆರಡು ಜೊತೆ ಬಿಳಿ ಕಾಲುಚೀಲ ಗುಲಾಬಿಯಾದವು. ಒಗೆದವಳು ನಾನು, ನನಗೆ ಗೊತ್ತು.

ಇಪ್ಪತ್ತಾರು ವರ್ಷದಿಂದ ಈ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಬಟ್ಟೆ, ಚೆಂಡು, ಟವೆಲು, ನೀರು ಎಲ್ಲ ನೋಡಿಕೊಳ್ಳುವುದು ನಾನೇ. ಐವರು ಕೋಚ್‌ಗಳನ್ನು ಕಂಡಿದ್ದೇನೆ. ಪ್ರತಿಯೊಬ್ಬನೂ ಬರುವಾಗ ಒಂದು ಹೊಸ ಶಬ್ದ ಹೊತ್ತು ತಂದ. ‘ಕಬ್ಬಿಣ’ ಅಂದವನೊಬ್ಬ, ‘ಕುಟುಂಬ’ ಅಂದವನೊಬ್ಬ. ಅವರು ಹೋದ ಮೇಲೆ ಆ ಶಬ್ದಗಳು ಗೋಡೆಯ ಮೇಲೆ ಉಳಿಯುತ್ತಿದ್ದವು, ಬಣ್ಣ ಬಳಿಯುವವನು ಬರುವ ತನಕ.

ನಮ್ಮದು ಸಣ್ಣ ಕಾಲೇಜು. ನಮ್ಮ ಕೂಟದಲ್ಲಿರುವ ಉಳಿದ ಒಂಬತ್ತೂ ಅಂಥವೇ. ಮಾರ್ಚ್ ಮೊದಲ ವಾರ ಈ ಹತ್ತು ಕಾಲೇಜುಗಳ ನಡುವೆ ಪಂದ್ಯಾವಳಿ ನಡೆಯುತ್ತದೆ. ಗೆದ್ದ ಒಂದು ತಂಡ ಮಾತ್ರ ದೇಶದ ದೊಡ್ಡ ಪಂದ್ಯಾವಳಿಗೆ ಹೋಗುತ್ತದೆ, ಉಳಿದವರು ಮನೆಗೆ. ಚಳಿಗಾಲವೆಲ್ಲ ನೀವು ಎಷ್ಟು ಆಟ ಗೆದ್ದಿರಿ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ನಮ್ಮ ಕಾಲೇಜು ಒಮ್ಮೆಯೂ ಹೋಗಿಲ್ಲ. ಗೆದ್ದವರು ಏಣಿ ಹತ್ತಿ, ಬುಟ್ಟಿಗೆ ಕಟ್ಟಿದ ಬಲೆಯನ್ನು ಕತ್ತರಿಸಿ, ಒಬ್ಬೊಬ್ಬರು ಒಂದೊಂದು ಎಳೆ ಇಟ್ಟುಕೊಳ್ಳುವುದು ರೂಢಿ. ಕೆಲಸಕ್ಕೆ ಸೇರಿದ ವರ್ಷವೇ ನಾನು ಅದಕ್ಕೆಂದು ಕಿತ್ತಳೆ ಹಿಡಿಯ ಒಂದು ಕತ್ತರಿ ಕೊಂಡಿದ್ದೆ. ಪ್ರತಿ ಮಾರ್ಚ್ ಅದು ನನ್ನ ಚೀಲದಲ್ಲಿ ಹೋಗಿ ಬರುತ್ತದೆ. ಒಂದು ನೂಲನ್ನೂ ಕತ್ತರಿಸಿದ್ದಿಲ್ಲ.

ಈ ವರ್ಷ ಗೆಲ್ಲಬಹುದಿತ್ತು. ಯಾಕೆಂದರೆ ಟೋಬಿ ಪಿಕೆನ್ಸ್ ಇದ್ದ. ಆರು ಅಡಿ ಹತ್ತು ಅಂಗುಲದ ಹುಡುಗ, ಬಾಗಿಲು ದಾಟುವಾಗ ತಲೆ ತಗ್ಗಿಸಿಯೇ ಅಭ್ಯಾಸ. ಬುಟ್ಟಿಯ ಕೆಳಗೆ ಅವನಿಗೆ ಚೆಂಡು ಸಿಕ್ಕರೆ ಮುಗಿಯಿತು, ತಡೆಯುವವರಿಲ್ಲ. ಅದಕ್ಕೇ ಎದುರಾಳಿಗಳು ತಡೆಯುತ್ತಿರಲಿಲ್ಲ, ಕೈಗೆ ಹೊಡೆದು ಫೌಲ್ ಮಾಡಿಬಿಡುತ್ತಿದ್ದರು. ಫೌಲ್ ಆದರೆ ಗೆರೆಯ ಮೇಲೆ ನಿಂತು, ಯಾರೂ ಅಡ್ಡ ಬರದ ಹಾಗೆ, ಎರಡು ಸಲ ಬುಟ್ಟಿಗೆ ಎಸೆಯಬಹುದು. ಆ ಎಸೆತದಲ್ಲಿ ಟೋಬಿ ಕುರುಡ. ನೂರರಲ್ಲಿ ನಲವತ್ತು ಹಾಕಿದರೆ ಹೆಚ್ಚು. ಅವನ ಅಂಗೈ ಮೊರದಷ್ಟಗಲ, ಚೆಂಡು ಅದರೊಳಗೆ ನಿಂಬೆಹಣ್ಣಿನ ಹಾಗೆ ಕಾಣುತ್ತದೆ. ಒಂದೇ ಕೈಯಲ್ಲಿ ತಲೆಯ ಮೇಲಿಂದ ದೂಡಿದರೆ ಅದು ಬುಟ್ಟಿಯ ಹಿಂದಿನ ಹಲಗೆಗೆ ಕಲ್ಲಿನ ಹಾಗೆ ಬಡಿದು ವಾಪಸು ಬರುತ್ತಿತ್ತು.

ಇದಕ್ಕೆ ಕೋಚ್ ಮಾಡಿದ ಔಷಧ ಏನು? ಮನಸ್ಸಿನ ತಜ್ಞನೊಬ್ಬನನ್ನು ಕರೆಸಿದ. ಆತ ಟೋಬಿಗೆ ಕಣ್ಣು ಮುಚ್ಚಿಕೊಂಡು ಒಂದು ಕೆರೆಯನ್ನು ನೆನೆಸಿಕೊ ಎಂದ. ಟೋಬಿ ನೆನೆಸಿಕೊಂಡ. ಮುಂದಿನ ಶನಿವಾರ ಎಂಟರಲ್ಲಿ ಎರಡು ಹಾಕಿದ.

ನನಗೆ ತಡೆಯಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಅವನನ್ನು ಕಾಲೇಜಿನ ಒಳಾಂಗಣದ ಆಟದ ಅಂಗಳಕ್ಕೆ ಬರಹೇಳಿದೆ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದೆ, ಮೊಣಕಾಲು ಬಗ್ಗಿಸಿದೆ, ಕಾಲುಗಳ ನಡುವಿನಿಂದ ಮೇಲಕ್ಕೆ ತೂಗಿಬಿಟ್ಟೆ. ಐವತ್ನಾಲ್ಕು ವರ್ಷದ ಹೆಂಗಸು, ಬಲಮಂಡಿ ಸರಿಯಿಲ್ಲ. ಆದರೂ ಹತ್ತಕ್ಕೆ ಒಂಬತ್ತು ಹಾಕಿದೆ.

ಟೋಬಿ ಬಾಯಿಗೆ ಅಂಗಿ ಒತ್ತಿಕೊಂಡು ನಗುತ್ತಿದ್ದ. “ಅಜ್ಜೀ, ಅದು ಅಜ್ಜಿ ಎಸೆತ!”

“ಹೌದು ಕಣೋ. ನನ್ನ ಹೆಸರಿಂದ್ಲೇ ಅದನ್ನ ಕರೀತಾರೆ ಅಂದ್ಕೋ.”

ಕೆಳಗಿನಿಂದ ಎಸೆಯುವುದನ್ನು ನಮ್ಮ ಕಡೆ ಎಲ್ಲರೂ ಕರೆಯುವುದೇ ಹಾಗೆ. ನನಗೆ ಮೊಮ್ಮಕ್ಕಳಿಲ್ಲ, ಮಕ್ಕಳೂ ಇಲ್ಲ. ಆದರೂ ಅರ್ಲೀನ್ ಫ್ಯುಗೇಟ್ ಎಂಬ ನನ್ನ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಂಟು, ಉಳಿದ ಕಡೆಯೆಲ್ಲ ನಾನು ಅಜ್ಜಿ. ಹದಿನೈದನೇ ವರ್ಷಕ್ಕೆ ಬಿದ್ದ ಹೆಸರು. ಕೆಂಟಕಿಯ ಬೆಟ್ಟಗಳ ನಡುವೆ ನಮ್ಮದು ತಂಡಕ್ಕೆ ಎಂಟು ಹುಡುಗಿಯರಷ್ಟೇ ಸಿಕ್ಕುವ ಶಾಲೆ. ಅಲ್ಲಿ ಲೆಕ್ಕ ಕಲಿಸುತ್ತಿದ್ದ ಹೋಬಾರ್ಟ್ ಮೇಷ್ಟ್ರೇ ಆಟವನ್ನೂ ಕಲಿಸುತ್ತಿದ್ದರು. “ದೇವ್ರು ಎರಡು ಕೈ ಕೊಟ್ಟಿರೋವಾಗ ಒಂದರಲ್ಲಿ ಯಾಕೆ ಎಸೀತೀಯೇ?” ಎಂದರು. ನಾನು ಎರಡರಲ್ಲಿ ಎಸೆದೆ. ಜಿಲ್ಲೆಯ ಪಂದ್ಯದಲ್ಲಿ ಎರಡು ಸಾವಿರ ಜನ ‘ಅಜ್ಜೀ, ಅಜ್ಜೀ’ ಎಂದು ಕೂಗಿದರು, ಯಾರೋ ಊರುಗೋಲನ್ನೇ ಅಂಗಳಕ್ಕೆ ಎಸೆದ. ನಾನು ಹನ್ನೆರಡಕ್ಕೆ ಹನ್ನೆರಡು ಹಾಕಿ, ಆ ಊರುಗೋಲನ್ನು ಮನೆಗೆ ತೆಗೆದುಕೊಂಡು ಹೋದೆ. ಈಗ ಮಂಡಿ ನೋವು ಬಂದಾಗ ಅದೇ ಉಪಯೋಗಕ್ಕೆ ಬರುತ್ತಿದೆ.

ಇದನ್ನು ಟೋಬಿಗೆ ಹೇಳಿದೆ. ಅವನು ನಗು ನಿಲ್ಲಿಸಿದ.

“ಬಾಗಿಲು ಹಾಕ್ತೀಯಾ ಅಜ್ಜಿ? ಯಾರಾದ್ರೂ ನೋಡಿದ್ರೆ ನಗ್ತಾರೆ.”

“ಮೊನ್ನೆ ಎಂಟರಲ್ಲಿ ಎರಡು ಹಾಕಿದೆಯಲ್ಲ, ಆಗೇನು ಅತ್ತರಾ?”

ಆದರೂ ಬಾಗಿಲು ಹಾಕಿದೆ. ಐದು ವಾರ ಬೆಳಿಗ್ಗೆ ಆರಕ್ಕೆ ಅವನು ಬಂದ, ಕಳ್ಳನ ಹಾಗೆ. ಎರಡನೇ ವಾರಕ್ಕೆ ನೂರಕ್ಕೆ ಅರವತ್ತು. ಐದನೇ ವಾರಕ್ಕೆ ಎಪ್ಪತ್ತೊಂಬತ್ತು. ಚೆಂಡು ಅವನ ಕೈಯಿಂದ ಬೆಣ್ಣೆಯ ಹಾಗೆ ಜಾರಿ, ಗಾಳಿಯಲ್ಲಿ ನಿಧಾನ ಹಿಂದಕ್ಕೆ ತಿರುಗುತ್ತ, ಬುಟ್ಟಿಯ ಅಂಚಿಗೆ ತಾಕಿದರೂ ಒಳಗೇ ಬೀಳುತ್ತಿತ್ತು.

ಒಂದು ಬೆಳಿಗ್ಗೆ ಬೆವರೊರೆಸಿಕೊಳ್ಳುತ್ತ ಹೇಳಿದ: “ಇದು ನಂದು ಕೊನೇ ವರ್ಷ ಅಜ್ಜಿ. ಮೇ ತಿಂಗಳಿಂದ ಮಾವನ ಜೊತೆ ಮನೆ ಚಾವಣಿ ಹಾಕೋ ಕೆಲಸ. ಇನ್ನು ಯಾರೂ ನನ್ನ ಆಡ್ಸಲ್ಲ. ಆ ದೊಡ್ಡ ಪಂದ್ಯಾವಳೀಲಿ ಒಂದೇ ಒಂದು ಆಟ ಆಡ್ಬೇಕು. ಸೋತ್ರೂ ಪರವಾಗಿಲ್ಲ, ಒಂದು.”

“ಹಾಗಾದ್ರೆ ಬಗ್ಗಿ ಎಸಿ. ಜನರ ಮುಂದೆ.”

ಅವನು ಹೋಗಿ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಮತ್ತೊಮ್ಮೆ ನೋಡಿ ಬಂದ.

ಪಂದ್ಯಾವಳಿಗೆ ಹೊರಡುವ ಮುನ್ನ ಕೋಚನ ಕೋಣೆಗೆ ಹೋದೆ. ಕನ್ನಡಿಯ ಮುಂದೆ ಎರಡು ಟೈ ಹಿಡಿದು ಯಾವುದು ಟೀವಿಗೆ ಚೆನ್ನಾಗಿರುತ್ತದೆ ಎಂದು ನೋಡುತ್ತಿದ್ದ. ವಿಷಯ ಹೇಳಿದೆ.

“ಎಪ್ಪತ್ತೊಂಬತ್ತಾ!” ಎಂದು ತಿರುಗಿದ. ಹೇಗೆ ಎಂದು ತೋರಿಸಿದಾಗ ಮುಖ ಹುಳಿ ಹಿಂಡಿದ ಹಾಗಾಯಿತು. “ಮಿಸ್ ಅರ್ಲೀನ್, ಇಡೀ ದೇಶ ನೋಡುತ್ತೆ. ನಾಳೆ ಯಾವ ಒಳ್ಳೆ ಹುಡುಗ ನಮ್ಮ ಕಾಲೇಜಿಗೆ ಬರ್ತಾನೆ ಹೇಳಿ, ಇಲ್ಲಿ ಅಜ್ಜಿ ಥರ ಎಸೆಯೋದು ಕಲಿಸ್ತಾರೆ ಅಂತ ಗೊತ್ತಾದ್ರೆ?”

“ಗೆದ್ರೆ ಬರ್ತಾರೆ.”

“ಗೆಲ್ಲೋಕೂ ಒಂದು ರೀತಿ ಅಂತ ಇರುತ್ತೆ.”

“ಸೋಲೋಕೂ ಇರುತ್ತೆ. ಅದು ನಿಮಗೆ ಚೆನ್ನಾಗಿ ಬರುತ್ತೆ.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸ್ವಲ್ಪ ಗೌರವವಾದರೂ ಹುಟ್ಟುತ್ತಿತ್ತು. “ನಾನು ಬೇಡ ಅನ್ನಲ್ಲಪ್ಪ. ಹುಡುಗನ ಇಷ್ಟ,” ಎಂದು ನೀಲಿ ಟೈ ಆರಿಸಿಕೊಂಡ.

ಒಹಾಯೋ ನದಿಯ ದಡದ ಊರಿನಲ್ಲಿ ಗುರುವಾರ ಮೊದಲ ಆಟ. ಟೋಬಿಗೆ ಗೆರೆಯ ಮೇಲೆ ಎಂಟು ಎಸೆತ ಸಿಕ್ಕವು. ಅವನು ಮೇಲಿಂದ ಎಸೆದ. ಮೂರು ಹೋದವು. ಎದುರಾಳಿಗಳು ನಮಗಿಂತಲೂ ದಡ್ಡರಾದ್ದರಿಂದ ಗೆದ್ದೆವು. ಶುಕ್ರವಾರ ಆರರಲ್ಲಿ ಒಂದು. ಆವತ್ತು ನಮ್ಮ ಕುಳ್ಳ ಮೀಕಾ ಡ್ರಮಂಡ್ ದೂರದಿಂದ ಕಣ್ಣು ಮುಚ್ಚಿ ಎಸೆದದ್ದೆಲ್ಲ ಬುಟ್ಟಿಗೆ ಬಿದ್ದು ಗೆದ್ದೆವು. ಕೋಚ್ ಪತ್ರಕರ್ತರ ಮುಂದೆ ಉಸಿರಿನ ವಿಷಯ ಅರ್ಧ ಗಂಟೆ ಹೇಳಿದ.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಟೋಬಿ ನಮ್ಮ ಕಡೆ ಬಿಸ್ಕೆಟ್ ಎನ್ನುವ ಮೆತ್ತನೆ ಬನ್ನಿಗೆ ಗ್ರೇವಿ ಸುರಿದುಕೊಂಡು ತಿನ್ನದೆ ಕೂತಿದ್ದ. ಎದುರಿಗೆ ಹೋಗಿ ಕೂತೆ.

“ಇವತ್ತು ಅವರು ನಿನ್ನ ಬಿಡಲ್ಲ. ಕೊನೇ ಗಳಿಗೇಲಿ ನಿನ್ನನ್ನೇ ಹುಡುಕಿ ಹೊಡೀತಾರೆ.”

“ಗೊತ್ತು.”

“ಮತ್ತೆ?”

“ಅಮ್ಮ ಬಂದಿದ್ದಾರೆ ಅಜ್ಜಿ. ಅಮ್ಮ ಓಡಿಸೋ ಶಾಲೆ ಬಸ್ಸಿನ ಮಕ್ಕಳೆಲ್ಲ ಟೀವಿ ಮುಂದೆ ಕೂತಿರ್ತಾರಂತೆ.”

“ಆ ಮಕ್ಕಳಿಗೆ ನೀನು ತಪ್ಪಿಸೋದನ್ನ ತೋರಿಸ್ಬೇಕು, ಅಲ್ವಾ? ಅದು ಗಂಡಸುತನ. ತಿನ್ನು, ತಣ್ಣಗಾಯ್ತು.”

ಕೊನೆಯ ಆಟ ಮಧ್ಯಾಹ್ನ, ನದಿಯಾಚೆಯ ಕಾಲೇಜಿನ ಜೊತೆ. ಐದು ಸಾವಿರ ಜನ. ನಾನು ಬೆಂಚಿನ ಕೊನೆಯಲ್ಲಿ ಟವೆಲುಗಳ ರಾಶಿಯ ಪಕ್ಕ ಕೂತಿದ್ದೆ. ಟೋಬಿ ಬುಟ್ಟಿಯ ಕೆಳಗೆ ಆನೆಯ ಹಾಗೆ ಆಡಿದ, ಗೆರೆಯ ಮೇಲೆ ಕುರಿಯ ಹಾಗೆ. ಏಳರಲ್ಲಿ ಒಂದು ಹಾಕಿದ್ದ. ತಪ್ಪಿದ ಆ ಆರರಲ್ಲಿ ಮೂರು ಹೋಗಿದ್ದರೆ ಆಗಲೇ ನಾವು ಮುಂದೆ ಇರುತ್ತಿದ್ದೆವು. ಆಟ ಮುಗಿಯಲು ಏಳು ಸೆಕೆಂಡ್ ಇದ್ದಾಗ ಒಂದು ಅಂಕ ಹಿಂದೆ ಇದ್ದೆವು. ಮೀಕಾ ಚೆಂಡನ್ನು ಟೋಬಿಗೆ ಕೊಟ್ಟ. ಇಬ್ಬರು ಒಟ್ಟಿಗೆ ಅವನ ಕೈ ಮೇಲೆ ಬಿದ್ದರು. ರೆಫರಿ ಸೀಟಿ ಊದಿದ.

ಎರಡು ಎಸೆತ. ಎರಡೂ ಹೋದರೆ ಆ ದೊಡ್ಡ ಪಂದ್ಯಾವಳಿ.

ಗೆರೆಯ ಮೇಲೆ ನಿಂತು ಅವನು ನನ್ನ ಕಡೆ ನೋಡಿದ. ನಾನು ಎರಡೂ ಕೈ ಜೋಡಿಸಿ, ಕೆಳಗಿನಿಂದ ಮೇಲಕ್ಕೆ ಎತ್ತಿದೆ. ಅವನು ಒಂದು ಸಲ ನೆಲ ನೋಡಿದ. ಆಮೇಲೆ ಮೊಣಕಾಲು ಬಗ್ಗಿಸಿದ.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಚೆಂಡು ಅವನ ಕಾಲುಗಳ ನಡುವಿನಿಂದ ಎದ್ದು, ನಿಧಾನ ತಿರುಗುತ್ತ ಹೋಗಿ, ಬುಟ್ಟಿಯ ಕಬ್ಬಿಣವನ್ನು ಮುಟ್ಟದೆಯೇ ಒಳಗೆ ಇಳಿಯಿತು. ಅಂಕ ಸಮವಾಯಿತು. ನಂತರ ನಗು ಶುರುವಾಯಿತು. ನದಿಯಾಚೆಯವರು ನಕ್ಕರು, ಅದು ಅವರ ಕೆಲಸ. ಆದರೆ ನಮ್ಮ ಕಾಲೇಜಿನ ಹುಡುಗ ಹುಡುಗಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖಕ್ಕೆ ನಮ್ಮ ಬಣ್ಣ ಬಳಿದುಕೊಂಡು ಬಂದಿದ್ದ ಒಬ್ಬ ಪಡ್ಡೆ ಸೊಂಟ ಬಗ್ಗಿಸಿ ಕೋಲೂರಿಕೊಂಡು ನಡೆಯುವ ಹಾಗೆ ಅಭಿನಯಿಸಿದ. ತಮ್ಮದೇ ತಂಡಕ್ಕೆ ಅಂಕ ಬಂದಿತ್ತು. ಅವರು ನಗುತ್ತಿದ್ದರು.

ಆಗ ನಮ್ಮ ಕೋಚ್ ಟೈಮ್‌ಔಟ್ ಕೇಳಿದ. ಹುಡುಗ ಕೈ ಕುದುರಿಸಿಕೊಂಡು ನಿಂತಿದ್ದಾನೆ, ಮತ್ತೊಂದು ಎಸೆಯಬೇಕು, ಅಷ್ಟೇ. ಅಂಥ ಹೊತ್ತಿನಲ್ಲಿ ಆಟ ನಿಲ್ಲಿಸುವುದು ಎದುರಾಳಿ ಕೋಚ್‌ಗಳು ಮಾಡುವ ಕೆಲಸ, ಎಸೆಯುವವನ ಕೈ ನಡುಗಲಿ ಎಂದು. ನಮ್ಮವನು ಅದನ್ನು ಬಿಟ್ಟಿಯಾಗಿ ಮಾಡಿಕೊಟ್ಟ.

“ಏನೋ ಅದು?” ಎಂದ ಕೋಚ್, ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಯಿಗೆ ಕಾಗದ ಅಡ್ಡ ಹಿಡಿದು. “ಹೋಯ್ತು, ಸರಿ. ಅದೃಷ್ಟ. ಈಗ ನೆಟ್ಟಗೆ ನಿಂತು ಗಂಡಸಿನ ಥರ ಮುಗಿಸು. ಎಲ್ಲರೂ ಒಂದು ಸಲ ಉಸಿರು ಎಳ್ಕೊಳ್ಳಿ.”

ಹದಿನೈದು ಜನ ಉಸಿರೆಳೆದರು. ನಾನು ಅವರ ನಡುವೆ ನುಗ್ಗಿದೆ. “ಟೋಬಿ, ಈಗ ತಾನೇ ಒಳಗೆ ಹೋಯ್ತಲ್ಲೋ! ಅದನ್ನೇ ಮಾಡು!”

“ಮಿಸ್ ಅರ್ಲೀನ್,” ಎಂದ ಕೋಚ್, “ನೀವು ನೀರು ಕೊಡಿ, ಸಾಕು.”

ನಾನು ನೀರು ಕೊಟ್ಟೆ. ಬಾಟಲಿಯನ್ನು ಕೋಚನ ನೀಲಿ ಟೈ ಮೇಲೆ ಸುರಿಯಬೇಕಿತ್ತು. ಸುರಿಯಲಿಲ್ಲ. ಟೋಬಿ ಒಂದು ಗುಟುಕು ಕುಡಿದು ಬಾಟಲಿ ವಾಪಸು ಕೊಟ್ಟ.

ಅವನು ವಾಪಸು ಹೋಗಿ ಗೆರೆಯ ಮೇಲೆ ನಿಂತ. ಐದು ಸಾವಿರ ಜನ ‘ಅಜ್ಜೀ, ಅಜ್ಜೀ’ ಎಂದು ಕೂಗುತ್ತಿದ್ದರು. ಈ ಸಲ ಅವನು ನನ್ನ ಕಡೆ ನೋಡಲಿಲ್ಲ. ಅಲ್ಲಿಗೇ ನನಗೆ ತಿಳಿಯಿತು. ನೆಟ್ಟಗೆ ನಿಂತ, ಒಂದು ಕೈ ತಲೆಯ ಮೇಲೆತ್ತಿದ, ದೂಡಿದ.

ಚೆಂಡು ಕಬ್ಬಿಣಕ್ಕೆ ಬಡಿದ ಸದ್ದು ನನ್ನ ಹಲ್ಲಿನ ತನಕ ಬಂತು. ನದಿಯಾಚೆಯ ಹುಡುಗನೊಬ್ಬ ಅದನ್ನು ಹಿಡಿದು ಅಂಗಳದ ಆ ತುದಿಗೆ ಓಡಿದ. ನಮ್ಮ ಐವರೂ ಒಂದೇ ಉಸಿರಿನಲ್ಲಿ ನಿಂತು ನೋಡಿದರು. ಅವನು ಬುಟ್ಟಿಗೆ ಹಾಕುವುದಕ್ಕೂ ಆಟ ಮುಗಿದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಎರಡು ಅಂಕದಿಂದ ಸೋತೆವು.

ಆಮೇಲೆ ಕೋಚ್ ಪತ್ರಕರ್ತರಿಗೆ, ಇಂಥ ಪಂದ್ಯಾವಳಿ ಗೆಲ್ಲಲು ಗಟ್ಟಿ ಮನಸ್ಸು ಬೇಕು, ನಮ್ಮ ಹುಡುಗರಲ್ಲಿ ಅದು ಇನ್ನೂ ಬೆಳೆಯಬೇಕು ಎಂದು ಹೇಳಿದನಂತೆ. ಮಾತಿನ ನಡುವೆ ಅವನ ಧ್ವನಿಯೂ ಗದ್ಗದವಾಯಿತಂತೆ. ಟೈ ಟೀವಿಯಲ್ಲಿ ಚೆನ್ನಾಗಿ ಕಂಡಿತು ಎಂದು ನಮ್ಮ ಬಸ್ಸಿನ ಡ್ರೈವರ್ ಹೇಳಿದ.

ನಾನು ಬಟ್ಟೆ ಬದಲಿಸುವ ಕೋಣೆಯಲ್ಲಿದ್ದೆ. ಉಳಿದ ಹುಡುಗರು ಸ್ನಾನಕ್ಕೆ ಹೋಗಿದ್ದರು. ಟೋಬಿ ಬೆಂಚಿನ ಮೇಲೆ ಕೂತು, ಉಳುಕದಿರಲೆಂದು ಕಾಲಿಗೆ ಸುತ್ತಿದ್ದ ಅಂಟುಪಟ್ಟಿಯನ್ನು ಉಗುರಿನಿಂದ ಕೀಳುತ್ತಿದ್ದ. ಅದು ಹಾಗೆ ಬರುವಂಥದ್ದಲ್ಲ, ಹಿಮ್ಮಡಿಯ ಸುತ್ತ ಏಳು ಸುತ್ತು ನಾನೇ ಸುತ್ತಿದ್ದೆ. ಚೀಲಕ್ಕೆ ಕೈ ಹಾಕಿದೆ. ದಿನಾ ಬಳಸುವ ಕತ್ತರಿ ಸಿಗಲಿಲ್ಲ. ಕಿತ್ತಳೆ ಹಿಡಿಯದು ಸಿಕ್ಕಿತು. ನೆಲದ ಮೇಲೆ ಕೂತು, ಅವನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕತ್ತರಿಸತೊಡಗಿದೆ.

“ಎರಡನೇದೂ ಹೋಗ್ತಿತ್ತಾ ಅಜ್ಜಿ?”

“ಹೋಗ್ತಿತ್ತು.”

“ನೂರಕ್ಕೆ ಇಪ್ಪತ್ತೊಂದು ತಪ್ಪುತ್ತಿತ್ತಲ್ಲ.”

“ತಪ್ಪಿದ್ರೆ ತಪ್ಪಲಿ. ಆಗ ನಿನ್ನ ಕೈಯಿಂದ ಸೋತಿರ್ತಿದ್ದೆ. ಈಗ ಅವರ ಬಾಯಿಂದ ಸೋತೆ.”

ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ. ನಾನು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವವರು ಹೊರಗೆ ಐದು ಸಾವಿರ ಜನ ಇದ್ದರು, ಈಗ ಎಲ್ಲರಿಗೂ ಅವನ ಮೇಲೆ ಅಯ್ಯೋ ಅನ್ನಿಸಿರುತ್ತದೆ.

ಅಂಗಳದಿಂದ ಕೂಗು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ನದಿಯಾಚೆಯ ಹುಡುಗರು ಏಣಿ ಹತ್ತಿದ್ದರು. ಬಲೆಯ ಒಂದೊಂದು ಎಳೆ ಕತ್ತರಿಸಿದಾಗಲೂ ಒಂದೊಂದು ಕೂಗು. ಟೋಬಿ ಮುಖದಿಂದ ಕೈ ತೆಗೆದು, ತುಟಿ ಅಲುಗಿಸುತ್ತ ಎಣಿಸುತ್ತಿದ್ದ.

“ಕತ್ತರಿ ಹರಿತವಾಗಿದೆ,” ಎಂದ.

“ಇರದೇ ಏನು. ಯಾವತ್ತು ಬಳಸಿದ್ದೆ?”

ಪಟ್ಟಿ ಪೂರ್ತಿ ಬಿಚ್ಚಿಕೊಂಡು ಬಂತು, ಅವನ ಪಾದದ ಆಕಾರದಲ್ಲೇ. ಅದನ್ನು ಕಸದ ಬುಟ್ಟಿಗೆ ಎಸೆದೆ, ಕೂತಲ್ಲಿಂದಲೇ, ಎರಡೂ ಕೈಯಲ್ಲಿ, ಕೆಳಗಿನಿಂದ. ಸರಿಯಾಗಿ ಬಿತ್ತು.

“ಇನ್ನೊಂದು ಕಾಲು ಕೊಡು,” ಎಂದೆ.