ಕೆಂಪು ಚುಕ್ಕೆಯ ನಟ್ಟು

ಟಿಕಿ ಟಿಕಿ ಟಿಕಿ.

ರಾತ್ರಿ ಒಂದೂವರೆಗೆ ಆ ಸದ್ದು ಕೇಳಿ ಅವಳು ಎದ್ದು ಕೂತಳು. ಸಣ್ಣ ಸದ್ದು. ಬೇರೆ ಯಾರಾದರೂ ಆಗಿದ್ದರೆ ಹಲ್ಲಿಯೋ ಕಿಟಕಿಯ ಕೊಂಡಿಯೋ ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅವಳಿಗೆ ಮಾತ್ರ ಅನುಮಾನವೇ ಬರಲಿಲ್ಲ. ಉಗುರುಬಣ್ಣದ ಶೀಶೆಯನ್ನು ಅಲುಗಿಸಿದಾಗ ಒಳಗಿನ ಪುಟ್ಟ ಉಕ್ಕಿನ ಗುಂಡು ಗಾಜಿಗೆ ಬಡಿಯುವ ಸದ್ದು ಅದು. ಹದಿಮೂರನೆಯ ವಯಸ್ಸಿನಿಂದ ಮದುವೆಯಾಗಿ ಹೋಗುವವರೆಗೆ ಆ ಸದ್ದನ್ನು ಈ ಮನೆಯಲ್ಲಿ ಎಬ್ಬಿಸುತ್ತಿದ್ದವಳು ಅವಳೊಬ್ಬಳೇ.

ಪರದೆ ಸರಿಸಿ ನೋಡಿದಳು. ಹಿತ್ತಲಿನ ಶೆಡ್ಡಿನಲ್ಲಿ ದೀಪ. ಬಾನೆಟ್ ಎತ್ತಿದ ಜೀಪಿನೊಳಗೆ ಬಾಗಿ ನಿಂತವಳು ತಮ್ಮನ ಹೆಂಡತಿ, ಈ ಮನೆಯ ಸೊಸೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಶೀಶೆ. ನೋಡನೋಡುತ್ತಿದ್ದಂತೆ ದೀಪ ಆರಿತು. ನಡುರಾತ್ರಿಯಲ್ಲೂ ಬಿಟ್ಟಿರಲಾಗದಷ್ಟು ಅಂಟಿಕೊಂಡಿದ್ದಾಳೆಯೇ ಆ ಇಂಜಿನ್ನಿಗೆ? ಇಂಜಿನ್ನಿಗೋ, ಅಪ್ಪನಿಗೋ?

ಅಪ್ಪ ಮೂವತ್ತು ವರ್ಷ ಗ್ಯಾರೇಜು ನಡೆಸಿದವನು. ಮಂಡಿ ಕೈಕೊಟ್ಟ ಮೇಲೆ ಅದನ್ನು ಬೇರೆಯವರಿಗೆ ವಹಿಸಿ, ಹಿತ್ತಲಿನಲ್ಲಿ ಒಂದು ಶೆಡ್ಡು ಹಾಕಿಕೊಂಡು ತನ್ನ ಹಳೆಯ ಜೀಪಿನ ಜೊತೆ ಕಾಲ ಕಳೆಯುತ್ತಿದ್ದ. ಅವನದೊಂದು ಕಟ್ಟುನಿಟ್ಟು ಇತ್ತು. ಇಂಜಿನ್ನಿನ ನಟ್ಟನ್ನು ಬಿಗಿ ಮಾಡಿದವರು ಅದರ ತಲೆಯ ಮೇಲೆ ತಮ್ಮ ಬಣ್ಣದ ಚುಕ್ಕೆ ಇಡಬೇಕು. ಅಪ್ಪನದು ಬಿಳಿ ಪೇಂಟು. ಅವಳದು ಅಮ್ಮನ ಡಬ್ಬಿಯಿಂದ ಕದ್ದ ಕೆಂಪು ಉಗುರುಬಣ್ಣ. "ಚುಕ್ಕೆ ಅಂದ್ರೆ ಸಹಿ," ಎನ್ನುತ್ತಿದ್ದ. "ಸಹಿ ಹಾಕಿದ್ಮೇಲೆ ನಂದಲ್ಲ ಅನ್ನೋ ಹಾಗಿಲ್ಲ. ನನ್ನ ಬಿಳಿ ಚುಕ್ಕೆ ಕೆಳಗೆ ಒಂದೇ ಒಂದು ನಟ್ಟು ಸಡಿಲ ಸಿಕ್ಲಿ, ಅವತ್ತೇ ಸ್ಪ್ಯಾನರ್ ಕೆಳಗಿಡ್ತೀನಿ." ಇದನ್ನು ಮನೆಗೆ ಬಂದುಹೋಗುವವರಿಗೆಲ್ಲ ಹೇಳಿದ್ದ.

ಅವಳಿಗೆ ಅವನು ಇಟ್ಟ ಹೆಸರು 'ಕಿವಿ'. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಇಂಜಿನ್ನಿನ ಮೇಲೆ ಆಡಿಸಿ, ಎಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದಳು. ಗ್ಯಾರೇಜಿಗೆ ಬಂದವರ ಎದುರಿಗೆ "ಏ ಕಿವಿ, ಬಾ ಇಲ್ಲಿ" ಎಂದು ಅಪ್ಪ ಕೂಗಿದರೆ ಅವಳು ಒಂದು ಗೇಣು ಬೆಳೆದುಬಿಡುತ್ತಿದ್ದಳು. ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಪ್ಪ 'ಮೇಡಂನವರು' ಎನ್ನುತ್ತಾನೆ. ಎರಡು ತಿಂಗಳ ಹಿಂದೆ ಇಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸ ಶುರುವಾದಾಗ, "ನಾನೂ ಬರ್ತೀನಪ್ಪ," ಎಂದು ಫೋನು ಮಾಡಿದ್ದಳು. "ಮೇಡಂನವರಿಗೆ ಪರೀಕ್ಷೆ ಕೆಲಸ ಇರುತ್ತೆ. ತೊಂದರೆ ಬೇಡ. ಇಲ್ಲಿ ಸೊಸೆ ಇದ್ದಾಳಲ್ಲ."

ಸೊಸೆ ಇದ್ದಾಳಲ್ಲ. ಆ ಮಾತನ್ನು ಅವಳು ಎರಡು ತಿಂಗಳು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟು ಚೀಪಿದ್ದಳು. ಅದು ಕರಗಿರಲಿಲ್ಲ, ಸಿಹಿಯೂ ಆಗಿರಲಿಲ್ಲ. ರಜೆ ಸಿಕ್ಕಿ ನಿನ್ನೆ ಬಂದಾಗ ಮೊದಲು ನೋಡಿದ್ದು ಇಂಜಿನ್ನಿನ ಮೇಲಿನ ಚುಕ್ಕೆಗಳನ್ನು. ಅಪ್ಪನ ಬಿಳಿಯ ಪಕ್ಕದಲ್ಲಿ ಸೊಸೆಯ ಕೆಂಪು. ಶೀಶೆ ಹೊಸದು. ಬಣ್ಣ ಮಾತ್ರ ತನ್ನದೇ.

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಶೆಡ್ಡಿನಲ್ಲಿದ್ದರು. ತಮ್ಮ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದ. ಜೀಪು ತಕ್ಷಣ ಸ್ಟಾರ್ಟ್ ಆಯಿತು. ಐದು ನಿಮಿಷ ಚೆನ್ನಾಗಿಯೇ ಓಡಿತು. ಬಿಸಿಯೇರಿದ ಮೇಲೆ ಅದರ ನಾಟಕ ಶುರು. ಒಮ್ಮೆ ಏದುಸಿರು, ಒಮ್ಮೆ ಕುಸಿತ. ಕೊನೆಗೊಂದು ಕೆಮ್ಮು ಕೆಮ್ಮಿ ನಿಂತುಹೋಯಿತು.

"ನನ್ನ ಮಾವನ ಮನೆ ಕಡೆಯವರ ಹಾಗೆ," ಎಂದ ತಮ್ಮ. "ಬಂದ ತಕ್ಷಣ ನಗು, ಅರ್ಧ ಗಂಟೆಗೆ ಮುನಿಸು."

"ಅವರ ಮನೆ ಊಟ ಮಾಡುವಾಗ ಈ ಮಾತು ಬರಲಿಲ್ಲ," ಎಂದಳು ಸೊಸೆ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ. ಅಪ್ಪ ನಕ್ಕ. ಆ ನಗುವೂ ಮಗಳಿಗೆ ಚುಚ್ಚಿತು.

"ಕಾರ್ಬುರೇಟರ್ದೇ ತೊಂದರೆ," ಎಂದ ಅಪ್ಪ.

"ಮೂರು ಸಲ ಬಿಚ್ಚಿ ತೊಳೆದಾಯ್ತಲ್ಲಪ್ಪ," ಎಂದ ತಮ್ಮ.

"ನಾಲ್ಕನೇ ಸಲ ತೊಳಿ. ಸ್ನಾನ ಒಂದೇ ಸಲಕ್ಕೆ ಸಾಕು ಅಂತ ಯಾರು ಹೇಳಿದ್ದು ನಿಂಗೆ?"

ಮತ್ತೆ ಶುರು ಮಾಡಿದರು. ಅಪ್ಪ ಕೊಳವೆ ತೆಗೆದುಕೊಂಡು ಕಿವಿಗಿಟ್ಟ. ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಸುತ್ತ ಆಡಿಸಿದ, ಅಲ್ಲಿಂದ ಗಾಳಿ ಮತ್ತು ಪೆಟ್ರೋಲು ಒಳಹೋಗುವ ದಪ್ಪ ಪೈಪಿನ ಉದ್ದಕ್ಕೂ ನಡೆಸಿದ, ಹಿಂದಿನ ಮೂಲೆಯನ್ನೂ ಮುಟ್ಟಿದ. "ಇಲ್ಲೆಲ್ಲ ಸರಿ ಇದೆ," ಎಂದ.

ಅವಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅಲ್ಲಿಗೇ ಕೇಳುತ್ತಿತ್ತು. ಇಂಜಿನ್ನಿನ ಗುಡುಗುಡುವಿನ ಮೇಲೆ ಸೂಜಿಯಷ್ಟು ತೆಳ್ಳಗಿನ 'ಸ್ಸ್ಸ್'. ಹೊರಗಿನ ಗಾಳಿಯನ್ನು ಎಲ್ಲೋ ಒಂದು ಸಂದು ಒಳಕ್ಕೆ ಹೀರುತ್ತಿದೆ. ಅಪ್ಪ ಕೊಳವೆಯ ತುದಿ ಇಟ್ಟಿದ್ದು ಸರಿಯಾಗಿ ಅದರ ಪಕ್ಕದಲ್ಲೇ. ತಲೆ ತುಂಬ ಕಾರ್ಬುರೇಟರ್ ತುಂಬಿಕೊಂಡರೆ ಹೀಗೇ ಆಗುವುದು ಎಂದುಕೊಂಡಳು. ಯಾರ ಮಾತು ಕೇಳಿ ತುಂಬಿಕೊಂಡನೋ ಅದೂ ಗೊತ್ತು ಎಂದುಕೊಂಡಳು.

"ಅಪ್ಪ, ಒಂಚೂರು ಕೊಡು."

"ಮೇಡಂನವರ ಸೀರೆ..."

"ಸೀರೆ ಒಗೀಬಹುದು. ಕೊಡು."

ಕೊಳವೆ ಹಿಡಿದಳು. ಹತ್ತು ಸೆಕೆಂಡು. ಹಿಂದಿನ ಮೂಲೆಯ ನಟ್ಟಿನ ಬಳಿ ಆ 'ಸ್ಸ್ಸ್' ಕಿವಿಯನ್ನು ಕೊರೆಯುವಷ್ಟು ಜೋರಾಯಿತು. ಬೆರಳಿಗೆ ಒಂದಿಷ್ಟು ಗ್ರೀಸು ಮೆತ್ತಿಕೊಂಡು ಆ ಸಂದಿಗೆ ಒತ್ತಿದಳು. ಏದುಸಿರು ಬಿಡುತ್ತಿದ್ದ ಇಂಜಿನ್ನು ಯಾರೋ ತಲೆ ನೇವರಿಸಿದ ಹಾಗೆ ಶಾಂತವಾಯಿತು. ಬೆರಳು ತೆಗೆದಳು, ಮತ್ತೆ ಏದುಸಿರು.

"ಸಿಕ್ತು!" ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದಳು. "ನಟ್ಟು ಸಡಿಲ ಇದೆ. ಬಿಗಿ ಮಾಡದೇ ಚುಕ್ಕೆ ಇಟ್ಟಿದ್ದಾರೆ ಯಾರೋ."

ಆ 'ಯಾರೋ' ಎಂಬ ಪದವನ್ನು ಅವಳು ಆರಿಸಿಯೇ ಬಳಸಿದ್ದಳು. ತಮ್ಮ ಇಂಜಿನ್ನು ಆರಿಸಿದ. ಆ ನಟ್ಟು ನೇರವಾಗಿ ಕಾಣುವಂತಿರಲಿಲ್ಲ. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಒಳಗೆ ತೂರಿಸಿ ಟಾರ್ಚು ಬಿಟ್ಟಳು. ಕನ್ನಡಿಯಲ್ಲಿ ನಟ್ಟಿನ ತಲೆ ಕಂಡಿತು. ಅದರ ಮೇಲೆ ಹೊಳೆಯುವ ಕೆಂಪು ಚುಕ್ಕೆ.

ಎದೆಯಲ್ಲಿ ಹಕ್ಕಿ ಹಾರಿದಂತಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಕೆಂಪು," ಎಂದಳು.

ಅಪ್ಪ ಹುಬ್ಬು ಗಂಟಿಕ್ಕಿದ. "ಹಿಂದಿನ ಮೂಲೇದಾ? ಅದು ನಾನೇ..."

"ಇಲ್ಲ ಮಾವ," ಸೊಸೆ ಮಾತನ್ನು ಅಲ್ಲೇ ತಡೆದಳು. "ನೀವು ಟೀ ಕುಡಿಯೋಕೆ ಒಳಗೆ ಹೋಗಿದ್ರಲ್ಲ, ಆವಾಗ ನಾನು ಹಾಕಿದ್ದು. ಅವಸರ ಮಾಡಿಬಿಟ್ಟೆ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ? ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರಿದ್ರೆ? ಚುಕ್ಕೆ ಅಂದ್ರೆ ಆಟ ಅಂದ್ಕೊಂಡ್ಯಾ?" ಅಪ್ಪ ಅಷ್ಟು ದನಿ ಎತ್ತಿದ್ದನ್ನು ಅವಳು ವರ್ಷಗಳಿಂದ ಕೇಳಿರಲಿಲ್ಲ. ಸೊಸೆ ತಲೆ ತಗ್ಗಿಸಿ ನಿಂತಳು. ತಮ್ಮ ಸೀಟಿನಿಂದ ಇಳಿಯಲೋ ಬೇಡವೋ ಎಂದು ಒಂದು ಕಾಲು ಹೊರಗಿಟ್ಟು ಕೂತಿದ್ದ. "ಇನ್ಮೇಲೆ ನಾನು ನೋಡದೇ ಒಂದು ಚುಕ್ಕೆನೂ ಇಡಕೂಡದು. ತಿಳೀತಾ? ಏ ಕಿವಿ, ನೀನೇ ಬಿಚ್ಚು ಅದನ್ನ. ನಿನ್ನ ಕೈ ಸಣ್ಣದು."

ಕಿವಿ. ಎಷ್ಟು ವರ್ಷವಾಗಿತ್ತು! ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿದಳು. ಸ್ಪ್ಯಾನರ್ ಹಾಕಿ ಬಿಗಿ ಮಾಡಿ ನೋಡಿದಳು. ನಟ್ಟು ಸುಮ್ಮನೆ ಸುತ್ತಿತು, ಕಚ್ಚಲೇ ಇಲ್ಲ. ಅದನ್ನು ಬಿಚ್ಚಿ ಕೈಗೆ ತೆಗೆದುಕೊಂಡಳು. ಅದು ಕೂತಿದ್ದ ಸ್ಟಡ್ಡಿನ, ಅಂದರೆ ಕಂಬಿಯ, ಥ್ರೆಡ್ಡು ಸವೆದಿತ್ತು. ಯಾರೋ ವಾರೆಯಾಗಿ ಹಚ್ಚಿ, ಬಲವಂತವಾಗಿ ತಿರುಗಿಸಿದ್ದಾರೆ.

"ಥ್ರೆಡ್ ಹೋಗಿದೆ. ಹೊಸ ಸ್ಟಡ್ ಬೇಕು."

"ಇದೆ, ತರ್ತೀನಿ," ಎಂದು ಸೊಸೆ ಒಳಗೆ ಓಡಿದಳು. ಒಂದೇ ನಿಮಿಷದಲ್ಲಿ ಅಂಗಡಿಯ ಕಾಗದದಲ್ಲಿ ಸುತ್ತಿದ ಕಂಬಿಯೊಂದನ್ನು ತಂದು ಬೆಂಚಿನ ಮೇಲಿಟ್ಟಳು. ಸರಿಯಾದ ಉದ್ದ, ಸರಿಯಾದ ದಪ್ಪ. ಅಳತೆಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ.

ಮಗಳು ಕಂಬಿಯನ್ನೇ ನೋಡಿದಳು. ಆಮೇಲೆ ಅಂಗೈಯಲ್ಲಿದ್ದ ನಟ್ಟನ್ನು. ಕೆಂಪು ಚುಕ್ಕೆಯ ಅಂಚಿಗೆ ಹೆಬ್ಬೆರಳಿನ ಉಗುರು ತಾಗಿತು. ಒಂದು ವಾರ ಒಣಗಿದ ಉಗುರುಬಣ್ಣ ಕಲ್ಲಾಗುತ್ತದೆ, ಕೆರೆದರೆ ಪುಡಿಯಾಗಿ ಉದುರುತ್ತದೆ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದು ಹಾಲಿನ ಕೆನೆಯ ಹಾಗೆ ಇಡಿಯಾಗಿ ಸುಲಿದು ಬಂತು. ಕೆಳಗೆ ಬಿಳಿ. ಗಟ್ಟಿಯಾಗಿ ಒಣಗಿದ, ಅಂಚಿನಲ್ಲಿ ಎಣ್ಣೆಯ ಹಳದಿ ಹಿಡಿದ ಬಿಳಿ, ಅಪ್ಪನ ಚುಕ್ಕೆ. ರಾತ್ರಿ ಕೇಳಿದ ಸದ್ದು ನೆನಪಾಯಿತು.

ಟಿಕಿ ಟಿಕಿ ಟಿಕಿ.

ಅವಳು ಬಾಗಿದ್ದ ಕಡೆಯಿಂದಲೇ ಓರೆಗಣ್ಣಲ್ಲಿ ಅಪ್ಪನನ್ನು ನೋಡಿದಳು. ಅವಳು ಬಿಟ್ಟಿದ್ದ ರಬ್ಬರ್ ಕೊಳವೆಯನ್ನು ಅವನು ಎತ್ತಿಕೊಂಡು ಕಿವಿಗಿಟ್ಟುಕೊಂಡಿದ್ದ. ಇನ್ನೊಂದು ತುದಿಗೆ ಬೆರಳಿನಿಂದ ಟಪ್ ಟಪ್ ಎಂದು ಬಡಿಯುತ್ತಿದ್ದ. ಆಮೇಲೆ ಉಗುರಿನಿಂದ ಮೆಲ್ಲಗೆ ಕೆರೆದ. ತಲೆ ಓರೆ ಮಾಡಿದ. ಮತ್ತೆ ಕೆರೆದ. ಯಾರೂ ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಮುಖ ಚಿಕ್ಕದಾಗಲು ಬಿಟ್ಟಿದ್ದ.

ಸಣ್ಣ ಸದ್ದುಗಳು ಅವನ ಕಿವಿಯನ್ನು ಬಿಟ್ಟುಹೋಗಿದ್ದವು. ಯಾವಾಗಿನಿಂದಲೋ. ವಾರೆಯಾಗಿ ಹತ್ತಿದ ನಟ್ಟು ಕಿರುಗುಟ್ಟಿದ್ದೂ ಅವನಿಗೆ ಕೇಳಿಸಿರಲಿಲ್ಲ. "ಮೇಡಂನವರಿಗೆ ತೊಂದರೆ ಬೇಡ" ಎಂದಿದ್ದು ಮೇಡಂಗಾಗಿ ಅಲ್ಲ. ಮನೆಯಲ್ಲಿ ಯಾರ ಕಣ್ಣು ತಪ್ಪಿಸಿದರೂ ಒಂದು ಕಿವಿಯನ್ನು ತಪ್ಪಿಸಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಏನದು, ಅಲ್ಲೇ ನಿದ್ದೆ ಹೋದ್ಯಾ?" ಎಂದ ಅಪ್ಪ, ಕೊಳವೆಯನ್ನು ಗೋಡೆಯ ಮೊಳೆಗೆ ನೇತುಹಾಕುತ್ತ. "ನಟ್ಟು ಇಲ್ಲಿ ಕೊಡು, ನೋಡೋಣ."

ಸೊಸೆಯ ಕಣ್ಣು ಅವಳ ಮುಷ್ಟಿಯ ಮೇಲಿತ್ತು.

ಒಂದು ಮಾತು ಸಾಕಿತ್ತು. ಸೊಸೆಯ ಮೇಲಿನ ಅಪವಾದ ತೊಲಗುತ್ತಿತ್ತು. ತಾನು ನ್ಯಾಯವಂತೆ ಎನಿಸಿಕೊಳ್ಳಬಹುದಿತ್ತು. ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ, ಇವತ್ತೇ ಸ್ಪ್ಯಾನರ್ ಕೆಳಗಿಡುತ್ತಿದ್ದ. ಆಮೇಲೆ ಈ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಏನನ್ನು ನೋಡುತ್ತ ಕೂರುತ್ತಿದ್ದ?

"ಇದರ ಥ್ರೆಡ್ಡೂ ಹೋಗಿದೆಯಪ್ಪ, ಕೆಲಸಕ್ಕೆ ಬರಲ್ಲ. ಎಸೆದುಬಿಡ್ತೀನಿ," ಎಂದಳು. ಮುಷ್ಟಿ ಬಿಚ್ಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಸ ಸ್ಟಡ್ಡು ಕೂತಿತು. ಹೊಸ ನಟ್ಟನ್ನು ಅವಳೇ ಬಿಗಿ ಮಾಡಿದಳು. ಸೊಸೆ ಶೀಶೆಯನ್ನು ಮುಂದೆ ಹಿಡಿದಳು, ಇವಳು ತೆಗೆದುಕೊಂಡು ಚುಕ್ಕೆ ಇಟ್ಟಳು. ಇಂಜಿನ್ನು ಅರ್ಧ ಗಂಟೆ ಓಡಿತು, ಬಿಸಿಯೇರಿತು, ಏದುಸಿರು ಬಿಡಲಿಲ್ಲ. ಅಪ್ಪ ಇಂಜಿನ್ನಿನ ಕಡೆ ನೋಡುತ್ತಿರಲಿಲ್ಲ. ಅವಳ ಮುಖ ನೋಡುತ್ತಿದ್ದ, ಅಲ್ಲಿ ಸದ್ದು ನಿಂತಿದೆಯೋ ಇಲ್ಲವೋ ಎಂದು. ಅವಳು ತಲೆ ಆಡಿಸಿದಳು.

"ಗಡಿಯಾರ ಇದ್ದ ಹಾಗಿದೆ," ಎಂದ ಅಪ್ಪ ಕೂಡಲೇ. ಆಮೇಲೆ ಸೊಸೆಯ ಕಡೆ ತಿರುಗಿ, ಇನ್ನೂ ಸ್ವಲ್ಪ ಬಿಗುವಿನಲ್ಲೇ, "ನಾಳೆ ಬ್ರೇಕು ನೋಡೋಣ. ಬೇಗ ಬಾ," ಎಂದ.

ಸೊಸೆಯನ್ನೇ ಕರೆದ. ನಾಳೆಗೂ ಸೊಸೆಯೇ. ಮಗಳ ಹೊಟ್ಟೆಕಿಚ್ಚು ಕಡಿಮೆಯೇನೂ ಆಗಲಿಲ್ಲ, ಹಳೆಯ ಕಿಚ್ಚಿಗಿಂತ ಇದು ಹೆಚ್ಚೇ ಸುಟ್ಟಿತು. ಅಪ್ಪನ ಪಕ್ಕದಲ್ಲಿ ನಿಲ್ಲುವುದನ್ನು ಆ ಹುಡುಗಿ ಕಲಿತದ್ದಕ್ಕೆ ಇಷ್ಟು ದಿನ ಉರಿದಿದ್ದಳು. ಈಗ ಅವನಿಗೆ ಏನಾಗಿದೆ ಎಂದು ತನಗಿಂತ ಮೊದಲು ತಿಳಿದದ್ದಕ್ಕೆ, ತಿಳಿದೂ ಬಾಯಿ ಬಿಡದಿದ್ದಕ್ಕೆ, ಅವನ ಬದಲು ಹಲ್ಲು ಕಚ್ಚಿ ಬೈಗುಳ ತಿಂದದ್ದಕ್ಕೆ. ಅದನ್ನು ತಾನು ಮಾಡಬೇಕಿತ್ತು. ತನ್ನ ಬಣ್ಣದಿಂದಲೇ ಆ ಹುಡುಗಿ ಮಾಡಿದ್ದಳು.

ಸಂಜೆ ಗಂಡನ ಫೋನು ಬಂತು.

"ಏನಾಯ್ತು ನಿಮ್ಮಪ್ಪನ ಗಾಡಿ? ಏನಂತೆ ಅದಕ್ಕೆ ರೋಗ?"

"ಒಂದು ನಟ್ಟು ಸಡಿಲ ಇತ್ತು."

"ಅಷ್ಟೇನಾ? ಯಾರು ಬಿಟ್ಟಿದ್ದಂತೆ?"

ಕೆಳಗೆ ಅಡುಗೆಮನೆಯಲ್ಲಿ ಸೊಸೆ ಏನೋ ಹೇಳಿದಳು. ಅಪ್ಪ "ಆಂ?" ಎಂದ. ಅವಳು ಬೇಸರವಿಲ್ಲದೆ, ಸ್ವಲ್ಪ ದನಿಯೇರಿಸಿ, ಮೊದಲ ಸಲ ಹೇಳುವವಳ ಹಾಗೆಯೇ ಇನ್ನೊಮ್ಮೆ ಹೇಳಿದಳು. ಮಗಳ ಕೈ ಪರ್ಸಿನೊಳಗೆ ಹೋಯಿತು. ಪೇಪರು ತಿದ್ದುವ ಪೆನ್ನುಗಳ ನಡುವೆ ನಟ್ಟು ಬೆರಳಿಗೆ ತಣ್ಣಗೆ ಸಿಕ್ಕಿತು. ಗಂಡನಿಗೂ ಬೇಡ, ತಮ್ಮನಿಗೂ ಬೇಡ. ತನಗೆ ಗೊತ್ತಾಗಿದೆ ಎಂದು ಸೊಸೆಗೂ ಹೇಳುವುದು ಬೇಡ.

"ಯಾರಿಗೆ ಗೊತ್ತು," ಎಂದಳು. "ನಿಮ್ಮದು ಊಟ ಆಯ್ತಾ?"