ಅಡುಗೆ ಗ್ರೂಪಿನ ಯಜಮಾನಿ

ರಕ್ಷಿತಾ ಮದುವೆಯಾಗಿ ದಾವಣಗೆರೆಯಿಂದ ಕಾಡುಗೋಡಿಯ ಅಪಾರ್ಟ್‌ಮೆಂಟಿಗೆ ಬಂದ ಹೊಸತರಲ್ಲಿ, ಮಾತಿಗೆ ಜನವಿಲ್ಲದೆ ಮೊಬೈಲಿನಲ್ಲಿ ‘ಕಾಡುಗೋಡಿ ಅಡುಗೆ’ ಎಂಬ ಗ್ರೂಪು ಕಟ್ಟಿದಳು. ನಾಲ್ಕಾರು ಹೆಂಗಸರಿಂದ ಶುರುವಾದದ್ದು ವೈಟ್‌ಫೀಲ್ಡ್ ಸುತ್ತಿನ ಸಾವಿರಾರು ಮಂದಿಯ ಹರಟೆಕಟ್ಟೆಯಾಯಿತು. ಗೆಳತಿ ಸವಿತಾಳೂ ಅಡ್ಮಿನ್ ಆಗಿದ್ದಳು. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎನ್ನುವುದರಲ್ಲಿ ರಕ್ಷಿತಾಳದೇ ಕೊನೆಯ ಮಾತು. ಲಿಫ್ಟಿನಲ್ಲಿ ಗುರುತಿಲ್ಲದವರೂ ಅವಳನ್ನು ನಿಲ್ಲಿಸಿ, ನಿಮ್ಮ ಎಣ್ಣೆಗಾಯಿ ಮಾಡಿದೆವು ಎನ್ನುತ್ತಿದ್ದರು.

ಆಗ ಗೌರಿ ಸೇರಿಕೊಂಡಳು. ಕಾಡುಗೋಡಿಯ ಹಳೇ ಊರಿನ ಮನೆತನದ ಸೊಸೆ. ಮಹಡಿಯ ರೂಮುಗಳನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದವಳು. ಅವಳ ಬರಹದಲ್ಲಿ ಅಳತೆಯಿರಲಿಲ್ಲ, ಫೋಟೋ ಮಸುಕು. ಹಸಿಮೆಣಸಿನಕಾಯಿ ಅವಳಿಗೆ ‘ಅಸಿಮೆಣಸಿನಕಾಯಿ’. ಬಾಯಲ್ಲಿ ಬಂದದ್ದೇ ಬೆರಳಿಗೂ ಬರುತ್ತಿತ್ತು. ಅತ್ತೆ ಪಿಳ್ಳಮ್ಮ ಕೆರೆ ಏರಿಯ ಮೇಲೆ ಸೊಪ್ಪು ಕೊಯ್ಯುತ್ತ ಯಾವ ಸೊಪ್ಪನ್ನು ತಪ್ಪಿ ಕಿತ್ತರೆ ಸೊಸೆಯನ್ನು ಏನೆಂದು ಬೈಯುತ್ತಿದ್ದರು, ಬಸ್ಸಾರು ಕೆಟ್ಟ ದಿನ ಮುನಿಸಿಕೊಂಡು ಎದ್ದುಹೋದ ಮಾವ ಬೇಕರಿಯಲ್ಲಿ ಬನ್ನು ತಿನ್ನುತ್ತ ಹೇಗೆ ಸಿಕ್ಕಿಬಿದ್ದರು, ಇಂಥವನ್ನೆಲ್ಲ ಬರೆಯುತ್ತಿದ್ದಳು. ಓದಿದವರು ಇನ್ನೂ ಬರೀರಿ ಎಂದರು. ರಕ್ಷಿತಾ ಹಾಕಿದ ಶೇಂಗಾ ಹೋಳಿಗೆಯ ಕೆಳಗೇ ಯಾರೋ, ಗೌರಕ್ಕ ಇವತ್ತು ಬರೆದಿಲ್ಲವೇ ಎಂದು ವಿಚಾರಿಸಿದರು.

ಒಂದು ಭಾನುವಾರ ರಕ್ಷಿತಾಳ ಗಂಡ ಸಂಗಮೇಶ್ ರೊಟ್ಟಿ ಮುರಿಯುತ್ತ, ಮೊಬೈಲು ನೋಡಿ ತನ್ನಷ್ಟಕ್ಕೇ ನಕ್ಕ. ಏನೆಂದು ಬಗ್ಗಿ ನೋಡಿದರೆ ಗೌರಿಯ ಬರಹ. ರಕ್ಷಿತಾ ಬರೆದದ್ದನ್ನು ಅವನು ಒಮ್ಮೆಯೂ ಹಾಗೆ ಓದಿರಲಿಲ್ಲ. ಅರ್ಧಕ್ಕೇ ಊಟ ಬಿಟ್ಟು ಎದ್ದಳು. ತಟ್ಟೆ ಸಿಂಕಿಗೆ ಹಾಕಿ ಬಂದವಳೇ, ಅಡುಗೆ ಬಿಟ್ಟು ಬೇರೆ ಮಾತು ಸಲ್ಲದು ಎಂಬ ನಿಯಮ ತೋರಿಸಿ ಅದನ್ನು ಅಳಿಸಿದಳು. ಮರುವಾರ ಮತ್ತೊಂದು. ಆಮೇಲೆ ಪಿಳ್ಳಮ್ಮ ತೀರಿಕೊಂಡ ವರ್ಷ ಮನೆಯಲ್ಲಿ ಯಾರೂ ಮುಟ್ಟದ ಒರಳುಕಲ್ಲಿನ ಬಗ್ಗೆ ಬರೆದದ್ದನ್ನೂ. ಅಳಿಸಿದಾಗಲೆಲ್ಲ ಹೊಟ್ಟೆಯ ಉರಿ ಒಂದು ಗಳಿಗೆ ತಣ್ಣಗಾಗಿ, ಮತ್ತೆ ಹೊತ್ತಿಕೊಳ್ಳುತ್ತಿತ್ತು.

ಓದುಗರು ಸುಮ್ಮನಿರಲಿಲ್ಲ. ಏನು ಓದಬೇಕೆಂದು ನಾವೇ ಆರಿಸಿಕೊಳ್ಳುತ್ತೇವೆ ಎಂದರು. ಸವಿತಾಳೂ ಅದನ್ನೇ ಹೇಳಿ ಎಲ್ಲರ ಮತ ಕೇಳಿದಳು. ಅಡುಗೆಯದೇ ಬೇರೆ, ಮನೆಯ ಕತೆಗಳದೇ ಬೇರೆ ವಿಭಾಗವಾಯಿತು. ಬೇಡವಾದವರು ಬೇಡದ್ದನ್ನು ತಮ್ಮ ಮೊಬೈಲಿನಲ್ಲಿ ಮುಚ್ಚಿಟ್ಟುಕೊಳ್ಳಬಹುದು. ರಕ್ಷಿತಾ ಸೋತಳು.

ಗೌರಿ ಮತ್ತೆ ಬರೆದಳು. ಈ ಸಲ ಮಲ್ಲಿಕ್ ಎಂಬೊಬ್ಬ, ಮೊದಲು ಅಕ್ಷರ ಕಲಿತು ಬಾ, ಆಮೇಲೆ ಅಡುಗೆ ಕಲಿಸುವೆಯಂತೆ ಎಂದು ಕೆಳಗೆ ಹಾಕಿದ. ಹಿಂದೆಯೇ ಇನ್ನಿಬ್ಬರು ಅವಳ ‘ಅ’ಕಾರವನ್ನು ಅಣಕಿಸಿ ನಕ್ಕರು. ಅದನ್ನು ಮೊದಲು ನೋಡಿದವಳು ರಕ್ಷಿತಾ. ಅಳಿಸಲು ಬೆರಳು ಹೋಗಿ ನಿಂತಿತು. ಓದುವವರಿಗೇ ಬಿಟ್ಟದ್ದು ಎಂದು ನೀವೇ ಅಲ್ಲವೇ ತೀರ್ಮಾನಿಸಿದ್ದು, ಈಗ ಅನುಭವಿಸಿ ಎಂದುಕೊಂಡಳು. ಅಂದು ಅವಳಿಗೆ ಬಹಳ ದಿನಗಳ ಮೇಲೆ ಊಟ ರುಚಿಸಿತು.

ಮರುದಿನ ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಒಬ್ಬಳು ಬಂದು ನಿಂತಳು. ಫೋಟೋದಲ್ಲಿ ನೋಡಿದ್ದ ಮುಖವೇ, ಗೌರಿ. ಜಗಳಕ್ಕೆ ಬಂದವಳ ಹಾಗೆ ಕಾಣಲಿಲ್ಲ.

“ಮೇಡಂ, ನಾನು ಬರ್ದಿದ್ದು ಅಳ್ಸಿದ್ರಿ. ಅವ್ರು ಬೈದಿದ್ದು ಉಳ್ಸಿದ್ರಿ. ನಿಮ್ ರೂಲು ಯಾವ್ದು ಅಂತ ಏಳ್ಬಿಡಿ, ಅಂಗೇ ನಡ್ಕೋತೀನಿ.”

ರಕ್ಷಿತಾಳಿಗೆ ನಿಯಮಗಳೆಲ್ಲ ಬಾಯಿಪಾಠವಿದ್ದವು. ಕೈಯಲ್ಲಿದ್ದ ಅವರೆಕಾಯಿಯನ್ನು ಗುಡ್ಡೆಗೆ ಹಾಕಿದಳು.

“ರೂಲಲ್ಲ ಗೌರಿಯವ್ರೇ,” ಎಂದಳು. “ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು.”

ಗೌರಿ ಅವಳನ್ನೇ ನೋಡಿದಳು. ಒರಳುಕಲ್ಲಿನದು ವಾಪಸು ಬರುತ್ತದೆಯೇ ಎಂದು ಕೇಳಿದಳು. ಅಳಿಸಿದ್ದು ಹೋಯಿತು ಎಂದು ರಕ್ಷಿತಾ ತಲೆ ತಗ್ಗಿಸಿ ಹೇಳಿದಳು. ಇನ್ನೊಮ್ಮೆ ಬರೆಯಿರಿ ಎಂದದ್ದಕ್ಕೆ ಗೌರಿ, ಆವತ್ತು ಅತ್ತುಕೊಂಡು ಬರೆದದ್ದು, ಈಗ ಆಗದು ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಕಾಯಿ ತೂಗಿಸಿಕೊಂಡು ಹೊರಟುಹೋದಳು.

ಮನೆಗೆ ಬಂದ ರಕ್ಷಿತಾ ಆ ಅಣಕದ ಮಾತುಗಳನ್ನು ಅಳಿಸಿದಳು. ಗ್ರೂಪಿನಲ್ಲಿ ಎಲ್ಲರೆದುರು ಬರೆದಳು: ಬೇಡದ್ದನ್ನು ಓದದೆ ಬಿಡುವುದು ನಿಮ್ಮ ಇಷ್ಟ, ಮನುಷ್ಯರನ್ನು ಹೀಯಾಳಿಸುವುದು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ, ಗೌರಿಯವರ ಬರಹಗಳನ್ನು ಅಳಿಸಿದ್ದು ನನ್ನ ತಪ್ಪು. ಮಲ್ಲಿಕ್ ಗ್ರೂಪು ಬಿಟ್ಟ. ಅವನ ಜೊತೆಗೆ ಇನ್ನೂ ಕೆಲವರು ಹೋದರು.

ಗೌರಿ ತಿಂಗಳುಗಟ್ಟಲೆ ಬರೆಯಲಿಲ್ಲ. ಬಂದಾಗ ಹಿತಕಿದ ಬೇಳೆಯ ಸಾರಿನ ಕತೆ ತಂದಳು. ಮೆಚ್ಚುಗೆಯ ಮೇಲೆ ಮೆಚ್ಚುಗೆ ಬಂತು. ಓದುತ್ತಿದ್ದಂತೆ ರಕ್ಷಿತಾಳ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು, ಎಲ್ಲಿಗೂ ಹೋಗಿರಲಿಲ್ಲ. ಅಷ್ಟರಲ್ಲಿ ಯಾರೋ ದೂರು ಕಳಿಸಿದರು: ಇದರಲ್ಲಿ ಅಡುಗೆಗಿಂತ ಅತ್ತೆಯೇ ಹೆಚ್ಚು, ತೆಗೆಯಿರಿ.

ರಕ್ಷಿತಾ ಆ ದೂರನ್ನು ಸವಿತಾಳಿಗೆ ದಾಟಿಸಿದಳು. “ಗೌರಿದು ಏನೇ ಬಂದ್ರೂ ನೀನೇ ನೋಡ್ಕೊಳೆ,” ಎಂದು ಬರೆದಳು. “ನನ್ ಕೈಲಿ ಕೊಡಬ್ಯಾಡ.”