ಕಂಬಿಯ ಕ್ಯಾಮರಾ

ಹಬೆಯಕ್ಕ ಫೋಟೋವನ್ನು ಕುಕ್ಕಿದ ರಭಸಕ್ಕೆ ನಮ್ಮ ಸ್ಟುಡಿಯೋ ಕೌಂಟರಿನ ಗಾಜು ಅದುರಿತು.

"ಇದ್ಯಾರು?" ಅಂದಳು, ಮಧ್ಯದಲ್ಲಿ ಕೂತ ಹೆಂಗಸಿನ ಮೇಲೆ ಬೆರಳಿಟ್ಟು.

"ನೀವೇ ಅಲ್ವಾ ಅಕ್ಕಾ."

"ನಾನಾ? ಈ ಮೇಣದ ಗೊಂಬೆ ನಾನಾ? ನನ್ನ ಕೆನ್ನೆ ಎಲ್ಲಿ ಬಿಸಾಕಿದೆ?"

ಕೆನ್ನೆಯನ್ನು ಬಿಸಾಕಿದವಳು ನಾನೇ. ಹಬೆಯಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮುಖ್ಯಸ್ಥೆ. ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಂತೇ ಮೂವತ್ತೈದು ವರ್ಷ ಕಳೆದವಳಾದ್ದರಿಂದ ಆ ಹೆಸರು. ಒಮ್ಮೆ ಹಬೆಯ ಪೈಪು ಒಡೆದಾಗ ಒಳಗೆ ಸಿಕ್ಕಿಬಿದ್ದ ಇಬ್ಬರನ್ನು ಹೊರಗೆಳೆದು ಹಾಕಿದ್ದಳು. ಅದರ ಗುರುತು ಎಡಗೆನ್ನೆಯಿಂದ ಕಿವಿಯ ಕೆಳಗಿನವರೆಗೆ ಸುಟ್ಟ ಕಲೆಯಾಗಿ ಉಳಿದಿತ್ತು. ಫೋಟೋ ತೆಗೆದ ಅಣ್ಣ "ಕ್ಲೀನ್ ಮಾಡು" ಅಂದ, ನಾನು ಮಾಡಿದೆ. ಫೋಟೋದಲ್ಲಿದ್ದ ಹದಿನಾಲ್ಕು ಹೆಂಗಸರ ಸುಕ್ಕು, ಮಚ್ಚೆ, ಗಾಯ ಎಲ್ಲವನ್ನೂ ಒಂದು ಮಧ್ಯಾಹ್ನದಲ್ಲಿ ಒರೆಸಿ ಹಾಕಿ, ಮೇಲೆ ಒಂದು ಕಾಫಿಯನ್ನೂ ಕುಡಿದಿದ್ದೆ.

ನಮ್ಮ ಸ್ಟುಡಿಯೋದಲ್ಲಿ ಮೂವತ್ತು ವರ್ಷದಿಂದ ನನ್ನ ಕೆಲಸ ಅದೇ. ಕ್ಯಾಮರಾ ಒತ್ತುವುದು ಅಣ್ಣನ ಕೆಲಸ. ನಾನು ಅದನ್ನು ಮುಟ್ಟಕೂಡದೆಂಬ ಕಾನೂನನ್ನು ಬರೆದವನೂ ಅವನೇ, ಕಾಯುವವನೂ ಅವನೇ.

"ಶನಿವಾರ ನನ್ನ ಕೆಲಸದ ಕೊನೇ ದಿನ" ಅಂದಳು ಹಬೆಯಕ್ಕ. "ಇಸ್ತ್ರಿ ಕೋಣೆ ಗೋಡೆ ಮೇಲೆ ನನಗಿಂತ ಮುಂಚೆ ಇದ್ದ ಐದು ಜನ ಮುಖ್ಯಸ್ಥೆಯರು ತಂತಮ್ಮ ಹೆಂಗಸರ ಜೊತೆ ನಿಂತಿರೋ ಫೋಟೋ ಇವೆ. ಐದೂ ನಿಮ್ಮಪ್ಪ ತೆಗೆದಿದ್ದು. ನನಗೂ ಹಾಗೇ ಬೇಕು. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಗೋಡೆ ಖಾಲಿ ಇರ್ಲಿ, ಈ ಗೊಂಬೆ ಮಾತ್ರ ಬೇಡ."

ಒಳಗಿನಿಂದ ಅಣ್ಣನ ದನಿ ಬಂತು. "ತಿದ್ದೋಕೆ ಮುಂಚಿನದನ್ನ ಅಳಿಸಿಬಿಟ್ಟಿದೀನಿ. ಮತ್ತೆ ಬರೋಕೆ ನನಗೆ ಪುರುಸೊತ್ತಿಲ್ಲ. ಎಲ್ಲರೂ ಚೆಂದ ಕಾಣ್ತಿದಾರಲ್ಲ, ಇನ್ನೇನು ಬೇಕಂತೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು. "ನಾನು ತೆಗೀತೀನಿ ಅಕ್ಕಾ. ಅಪ್ಪನ ಥರದ ದೊಡ್ಡ ಫಿಲ್ಮ್ ಕ್ಯಾಮರಾದಲ್ಲೇ ತೆಗೀತೀನಿ. ಶನಿವಾರ" ಅಂದುಬಿಟ್ಟೆ.

ಬಾಯಿ ಹೇಳಿತು, ಕೈಯಲ್ಲಿ ಕ್ಯಾಮರಾ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷವೇ ಅಣ್ಣ ಆ ಕ್ಯಾಮರಾವನ್ನು ಹಳೇ ಮೇಜಿನ ಜೊತೆ ಮಾರಿದ್ದ.

ಮರುದಿನ ಹಳೆ ಕ್ಯಾಮರಾಗಳ ವ್ಯಾಪಾರಿಯ ಬಳಿ ಹೊರಟಾಗ ಅಣ್ಣ ತಾನೂ ಚಪ್ಪಲಿ ಮೆಟ್ಟಿಕೊಂಡ. ಒಬ್ಬಳೇ ಹೋದರೆ ನನಗೆ ಟೋಪಿ ಹಾಕುತ್ತಾರಂತೆ. ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿ ಆ ವ್ಯಾಪಾರಿಯ ಕೋಣೆ. ಭೂತಗನ್ನಡಿಯನ್ನು ಹಣೆಗೇರಿಸಿಕೊಂಡು ಕೂತಿದ್ದ ಮುದುಕ ನಾನು ಕೇಳಿದ್ದಕ್ಕೆಲ್ಲ ಅಣ್ಣನ ಮುಖ ನೋಡಿ ಉತ್ತರ ಕೊಟ್ಟ.

"ಹಗುರವಾದ್ದು, ಮಡಚೋಕೆ ಬರೋದು ಇದೆಯಾ?" ಅಂದರೆ, "ಇದೆ ಸಾರ್" ಅನ್ನುತ್ತಾನೆ. ನಾನು ಕೆಮ್ಮಿದ್ದರೂ ಅಣ್ಣನಿಗೇ ನೀರು ಕೊಡುತ್ತಿದ್ದನೇನೋ.

ನನ್ನ ಕೈಯಲ್ಲಿದ್ದ ದುಡ್ಡಿನ ಆಸುಪಾಸಿಗೆ ಅಲ್ಲಿದ್ದದ್ದು ಎರಡೇ. ಒಂದು ಮರದ್ದು: ಮಿರಮಿರ ಮಿಂಚುವ ಮರ, ಹಿತ್ತಾಳೆಯ ತಿರುಪು, ಹಾರ್ಮೋನಿಯಮ್ಮಿನ ಹಾಗೆ ಮಡಿಕೆಮಡಿಕೆಯಾದ ಕೆಂಪು ತಿದಿ, ಮಡಚಿದರೆ ಪುಟ್ಟ ಪೆಟ್ಟಿಗೆ. ಅದರ ಬೆಲೆ ನನ್ನ ದುಡ್ಡಿಗಿಂತ ಸ್ವಲ್ಪ ಹೆಚ್ಚೇ. ಇನ್ನೊಂದು ಬಾಗಿಲ ಹಿಂದೆ ಹಳೇ ಟವೆಲ್ ಹೊದ್ದು ಕೂತಿತ್ತು. ಬೂದು ಬಣ್ಣದ ಕಬ್ಬಿಣದ ಕಂಬಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಎರಡು ಚೌಕಟ್ಟು, ಒಂದರಲ್ಲಿ ಲೆನ್ಸು, ಇನ್ನೊಂದರಲ್ಲಿ ಗಾಜು, ನಡುವೆ ಕಪ್ಪು ತಿದಿ. ರೂಪ ಅನ್ನುವುದು ಅದರ ಹತ್ತಿರವೂ ಸುಳಿದಿರಲಿಲ್ಲ.

"ಇದೇನಿದು, ಮುರಿದ ತಕ್ಕಡಿ?" ಅಂದ ಅಣ್ಣ.

"ಅದನ್ನ ಯಾರೂ ಕೇಳಲ್ಲ ಸಾರ್. ಹೊತ್ಕೊಂಡು ಬೆಟ್ಟ ಹತ್ತೋಕಾಗಲ್ಲ, ಅಷ್ಟು ಭಾರ. ಅದಕ್ಕೇ ಅಗ್ಗ."

ನಾನು ಯಾವ ಬೆಟ್ಟವನ್ನೂ ಹತ್ತಬೇಕಾಗಿರಲಿಲ್ಲ. ಆಸ್ಪತ್ರೆ ನಮ್ಮ ಸ್ಟುಡಿಯೋದಿಂದ ಎರಡು ಬೀದಿ ದೂರ.

ಆದರೂ ಮರದ್ದನ್ನೇ ಮೊದಲು ಕೇಳಿದೆ. ಸುಳ್ಳೇಕೆ, ನನಗೂ ಅದರ ಮೇಲೆ ಮನಸ್ಸಾಗಿತ್ತು. ವ್ಯಾಪಾರಿ ಅದನ್ನು ನಿಲ್ಲಿಸಿ, ಚಿತ್ರ ಮೂಡುವ ಹಿಂಬದಿಯ ಗಾಜಿಗೆ ಕಪ್ಪು ಬಟ್ಟೆ ಹೊದಿಸಿದ. "ಒಳಗೆ ಎಲ್ಲ ತಲೆಕೆಳಗಾಗಿ ಕಾಣುತ್ತೆ ಸಾರ್. ಮೇಡಂಗೆ ತಲೆ ಸುತ್ತಬಹುದು."

ಬಟ್ಟೆಯೊಳಗೆ ತಲೆ ತೂರಿಸಿದೆ. ಎದುರಿನ ಕಪಾಟಿನ ಡಬ್ಬಿಗಳು ಗಾಜಿನ ಮೇಲೆ ತಲೆಕೆಳಗಾಗಿ ತೂಗುತ್ತಿದ್ದವು. ತಲೆ ಸುತ್ತುವುದಿರಲಿ, ಎಷ್ಟೋ ದಿನದ ಮೇಲೆ ನನ್ನ ಮನೆಗೆ ಬಂದ ಹಾಗಾಯಿತು. ಮುಖ ತಿದ್ದುವುದನ್ನು ಕಲಿಸುವಾಗ ಅಪ್ಪ ಮೊದಲು ಹೇಳಿದ್ದೇ ಚಿತ್ರವನ್ನು ತಲೆಕೆಳಗು ಮಾಡಿಕೋ ಎಂದು. ನೆಟ್ಟಗಿದ್ದರೆ ಕಣ್ಣು ನಗುವನ್ನು ನೋಡುತ್ತಾ ಕೂರುತ್ತದೆ, ಐಬನ್ನು ಕಾಣುವುದಿಲ್ಲ. ಮೂವತ್ತು ವರ್ಷದಲ್ಲಿ ಈ ಊರಿನ ಒಂದೊಂದು ಮುಖವನ್ನೂ ನಾನು ತಲೆಕೆಳಗಾಗಿಯೇ ನೋಡಿದ್ದೇನೆ.

ಹಾಗಾಗಿ ಐಬು ಕೂಡಲೇ ಕಂಡಿತು. ಎಡಗಡೆಯ ಡಬ್ಬಿಗಳ ಅಕ್ಷರ ಚೂಪಾಗಿತ್ತು, ಬಲಗಡೆಯದು ಮಸುಕು. ತಿರುಪು ತಿರುಗಿಸಿದೆ. ಬಲ ಚೂಪಾಯಿತು, ಎಡ ಮಸುಕಾಯಿತು.

"ಲೆನ್ಸು ಕೂರೋ ಮುಂದಿನ ಮರ ಸೊಟ್ಟಗೆ ಬಾಗಿದೆ" ಅಂದೆ ಬಟ್ಟೆಯೊಳಗಿಂದಲೇ. "ಹದಿನಾಲ್ಕು ಜನರನ್ನ ಸಾಲಾಗಿ ನಿಲ್ಲಿಸಿದ್ರೆ ಏಳು ಜನ ಮಂಜಾಗ್ತಾರೆ."

ಆಮೇಲೆ ಬಾಗಿಲು ಹಾಕಿಸಿ, ದೀಪ ಆರಿಸಿ, ಕೆಂಪು ತಿದಿಯೊಳಗೆ ಟಾರ್ಚು ಬಿಟ್ಟೆ. ಮಡಿಕೆಯ ಮೂಲೆಮೂಲೆಯಲ್ಲೂ ಬೆಳಕಿನ ಚುಕ್ಕಿ; ಇಷ್ಟು ತೂತಿದ್ದರೆ ಬೆಳಕು ನುಗ್ಗಿ ಫಿಲ್ಮು ಹಾಳಾಗುತ್ತದೆ. ಜರಡಿಯಾಗಿದ್ದರೆ ಹಿಟ್ಟಾದರೂ ಜರಡಿ ಹಿಡಿಯಬಹುದಿತ್ತು. ಕಂಬಿಯದರ ಕಪ್ಪು ತಿದಿಯೊಳಗೂ ಟಾರ್ಚು ಬಿಟ್ಟೆ. ಕತ್ತಲು ಕತ್ತಲಾಗಿಯೇ ಉಳಿಯಿತು. ಗಾಜಿನ ಮೇಲೆ ಎರಡು ಕಡೆಯ ಅಕ್ಷರಗಳೂ ಒಟ್ಟಿಗೇ ಚೂಪಾದವು.

ಮುದುಕ ಮೊದಲ ಸಲ ನನ್ನ ಕಡೆ ತಿರುಗಿದ. "ಅದರಲ್ಲೂ ಒಂದು ಐಬಿದೆ ಅಮ್ಮ. ಶಟರನ್ನ ಒಂದು ಸೆಕೆಂಡಿಗೆ ಇಟ್ರೆ ಮುಚ್ಚೋಕೆ ಒಂದೂವರೆ ತಗೊಳ್ಳುತ್ತೆ."

ಗಡಿಯಾರ ನೋಡುತ್ತಾ ಹತ್ತು ಸಲ ಒತ್ತಿದೆ. ಹತ್ತು ಸಲವೂ ಒಂದೂವರೆಯೇ. "ದಿನಾ ಒಂದೇ ಹೊತ್ತಿಗೆ ತಡವಾಗಿ ಬರೋ ಬಸ್ಸು. ನಾನು ಹೊಂದಿಕೊಳ್ತೀನಿ" ಅಂದೆ. ಮುದುಕ ನಕ್ಕ.

ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಮರದ್ದು ತಗೋ, ಕಡಿಮೆ ಬಿದ್ದಿದ್ದನ್ನ ನಾನು ಹಾಕ್ತೀನಿ. ನಮ್ಮ ಷೋಕೇಸಿನಲ್ಲಿ ಇಡೋಣ. ಜನ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ."

"ಅದರಲ್ಲಿ ಫೋಟೋ ಬರಲ್ಲ."

"ಅದರಲ್ಲಿ ಯಾರು ತೆಗೀತಾರೆ ಈಗ? ನೋಡೋಕೆ ಚೆಂದ ಇದ್ರೆ ಸಾಕು."

"ಮೂವತ್ತು ವರ್ಷ ಜನರನ್ನ ನೋಡೋಕೆ ಚೆಂದ ಮಾಡಿ ಕೈ ಸೋತಿದೆ. ನನಗೆ ಕಂಬಿಯದೇ ಬೇಕು."

"ಹಾಗಾದ್ರೆ ಆ ಗುಜರಿನ ನನ್ನ ಸ್ಟುಡಿಯೋದೊಳಗೆ ತರಬೇಡ. ಅದಕ್ಕೂ ನಮಗೂ ಸಂಬಂಧ ಇಲ್ಲ."

"ತರಲ್ಲ" ಅಂದೆ. ವ್ಯಾಪಾರಿಯ ಮುಂದೆ ದುಡ್ಡು ಎಣಿಸಿಟ್ಟೆ. ಮುದುಕ ಎರಡೇ ಎರಡು ಹಾಳೆ ಫಿಲ್ಮನ್ನು, ಒಂದು ಹಾಳೆಗೆ ಒಂದೇ ಫೋಟೋ, ಕ್ಯಾಮರಾದ ಜೊತೆ ಸೇರಿಸಿಕೊಟ್ಟ. ಅವನಲ್ಲಿದ್ದದ್ದೇ ಅಷ್ಟು.

ಶನಿವಾರ ಬೆಳಿಗ್ಗೆ ಬಟ್ಟೆ ಸಾಗಿಸುವ ತಳ್ಳುಗಾಡಿಯಲ್ಲಿ ಕ್ಯಾಮರಾ ಇಸ್ತ್ರಿ ಕೋಣೆಗೆ ಬಂತು. ಹದಿನಾಲ್ಕು ಜನ ಎರಡು ಸಾಲಾಗಿ ನಿಂತರು. ಎಲ್ಲರೂ ಉಸಿರು ಬಿಗಿಹಿಡಿದರು. ನೋಡಲೆಂದು ತೆರೆದಿಟ್ಟಿದ್ದ ಲೆನ್ಸನ್ನು ಮುಚ್ಚದೆಯೇ ನಾನು ಫಿಲ್ಮಿನ ಮೇಲೆ ಬೆಳಕು ತಡೆಯುವ ತಗಡನ್ನು ಎಳೆದುಬಿಟ್ಟೆ. ಎಳೆದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಬೆಳಕು ಫಿಲ್ಮಿಗೆ ನುಗ್ಗಿಯಾಗಿತ್ತು.

"ಒಂದು ಹಾಳೆ ಹಾಳು ಮಾಡಿದೆ" ಅಂದೆ. "ಇನ್ನು ಉಳಿದಿರೋದು ಒಂದೇ."

"ಮೊದಲನೇ ಒಗೆತಕ್ಕೇ ಕೊಳೆ ಹೋಗಿದ್ರೆ ನಮಗ್ಯಾಕೆ ಸಂಬಳ ಕೊಡ್ತಿದ್ರು?" ಅಂದಳು ಹಬೆಯಕ್ಕ. ಹೆಂಗಸರೆಲ್ಲ ಗೊಳ್ಳೆಂದರು. "ತೆಗಿಯೇ, ನಿಂತಿರ್ತೀವಿ."

ಲೆನ್ಸು ಮುಚ್ಚಿದೆ. ಮುಚ್ಚಿದೆಯೋ ಎಂದು ಮುಟ್ಟಿ ನೋಡಿದೆ. ತಗಡು ಎಳೆದೆ. ಒತ್ತಿದೆ. ಒಂದೂವರೆ ಸೆಕೆಂಡು ಹದಿನಾಲ್ಕು ಹೆಂಗಸರು ಕಣ್ಣು ಮಿಟುಕಿಸದೆ ನನ್ನನ್ನು ನೋಡಿದರು.

ಫಿಲ್ಮು ತೊಳೆದದ್ದು ಹಾಸಿಗೆ ಬಟ್ಟೆ ಇಡುವ ಕಿಟಕಿಯಿಲ್ಲದ ಕೋಣೆಯಲ್ಲಿ. ಅದು ಒಣಗಿದ್ದು ಇಸ್ತ್ರಿ ಕೋಣೆಯ ಬಿಸಿಗೆ, ತಲೆದಿಂಬಿನ ಚೀಲಗಳ ಪಕ್ಕ ಹಗ್ಗಕ್ಕೆ ನೇತುಬಿದ್ದು. ಸಂಜೆ ಬೀಳ್ಕೊಡುಗೆಯ ಹೊತ್ತಿಗೆ ಫಿಲ್ಮನ್ನು ಕಾಗದಕ್ಕೆ ಒತ್ತಿ ತೆಗೆದ, ಫಿಲ್ಮಿನಷ್ಟೇ ದೊಡ್ಡದಾದ ಅಂಗೈಯಗಲದ ಒಂದು ಚಿತ್ರ ರಟ್ಟಿನ ಮೇಲೆ ಅಂಟಿತ್ತು. ಅಪ್ಪನ ಐದರ ಪಕ್ಕದಲ್ಲಿ ಅದು ಪುಟ್ಟದು. ನನಗೆ ಸಂಕೋಚವಾಯಿತು.

ಹಬೆಯಕ್ಕ ನನ್ನ ಭೂತಗನ್ನಡಿ ಕಸಿದುಕೊಂಡು ನೋಡಿದಳು. ಕಾಳಿನಷ್ಟು ದೊಡ್ಡ ಮುಖದಲ್ಲಿ ಸುಟ್ಟ ಕಲೆಯ ಒಂದೊಂದು ಮಡಿಕೆಯೂ ಇತ್ತು. ತನ್ನ ಕೆನ್ನೆ ಮುಟ್ಟಿಕೊಂಡಳು, ಚಿತ್ರ ನೋಡಿದಳು, ಮತ್ತೆ ಮುಟ್ಟಿಕೊಂಡಳು.

"ಹೂಂ. ಇವಳು ನಾನು" ಅಂದಳು. ನನಗೆ ಅಳು ಬಂತು, ಅತ್ತುಬಿಟ್ಟೆ.

ಬೀಳ್ಕೊಡುಗೆಗೆ ಅಣ್ಣನೂ ಬಂದಿದ್ದ. ಭೂತಗನ್ನಡಿ ಹಿಡಿದು ತುಂಬ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಅವನ ದನಿ ಮೆತ್ತಗಾಗಿತ್ತು. "ಚೆನ್ನಾಗಿ ಬಂದಿದೆ ಕಣೇ. ಆ ಕೆನ್ನೆ ಒಂಚೂರು ಒರೆಸಿ ದೊಡ್ಡದು ಮಾಡಿಸು. ಷೋಕೇಸಿನಲ್ಲಿ ಹಾಕೋಣ."

ನಾನು ಚೀಲದಿಂದ ಮುಖ ತಿದ್ದುವ ಪೆನ್ಸಿಲ್ ತೆಗೆದೆ. ಅಣ್ಣ ಸಮಾಧಾನದಿಂದ ತಲೆಯಾಡಿಸಿದ. ರಟ್ಟಿನ ಕೆಳಗೆ, ಅಪ್ಪ ಮಾಡುತ್ತಿದ್ದ ಹಾಗೆ, ಹದಿನಾಲ್ಕು ಜನರ ಹೆಸರನ್ನು ನಿಂತ ಸಾಲಿನಲ್ಲೇ ಬರೆದೆ. ಅಪ್ಪ ಸ್ಟುಡಿಯೋದ ಹೆಸರು ಬರೆಯುತ್ತಿದ್ದ ಬಲಮೂಲೆಯಲ್ಲಿ ನನ್ನ ಹೆಸರು ಬರೆದೆ.

"ಸ್ಟುಡಿಯೋ ಹೆಸರು?" ಅಂದ ಅಣ್ಣ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದೋನು ನೀನೇ ಅಲ್ವಾ" ಅಂದೆ. ಹಬೆಯಕ್ಕ ಗೋಡೆಗೆ ಮೊಳೆ ಹೊಡೆದಳು.